ಆಟದ ದಿನವೇ ಮಂಗ ಓಡಿಸಲು ಹೋಗುತ್ತಿದ್ದ ಹುಡುಗ

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಶಿವಮೊಗ್ಗದ ಆಪ್ತಸಲಹೆಯ ಕೋಣೆಗೆ ಒಂದೇ ಬಗೆಯ ಸಂಕಟ ಬೇರೆ ಬೇರೆ ಊರಿನಿಂದ ಬರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ. ಬರುವವರಿಗೆ ವಯಸ್ಸು 17ರಿಂದ 22. ಭಾಗವತಿಕೆಯನ್ನೋ (ಪದ್ಯ ಹೇಳಿ ಆಟ ನಡೆಸುವುದು) ವೇಷವನ್ನೋ ಇನ್ನೂ ಕಲಿಯುತ್ತಿರುವವರು. ದೊಡ್ಡ ರಂಗಸ್ಥಳದಲ್ಲಿ ಮುಖ್ಯ ಸ್ಥಾನ ಸಿಕ್ಕಿರುತ್ತದೆ. ಮನೆಯವರಿಗೆ ಹಿಗ್ಗು. ಮಗುವಿಗೆ ಮಾತ್ರ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಆಟದ ದಿನ, ಎಂದರೆ ಪ್ರದರ್ಶನದ ದಿನ, ಸರಿಯಾಗಿ ಗಂಟಲು ಕಟ್ಟುತ್ತದೆ. "ಇವನ ಸಭಾಕಂಪ ಬಿಡಿಸಿಕೊಡಿ" ಎಂದು ತಂದೆ ತಾಯಿ ಕೇಳುತ್ತಾರೆ.

ಸಭಾಕಂಪ ಎಂಬ ಹೆಸರನ್ನು ಅಷ್ಟು ಬೇಗ ಒಪ್ಪಿಕೊಳ್ಳಬಾರದು ಎಂದು ಕಲಿಸಿದ ಪ್ರಕರಣ ಇದು. ಹೆಸರು, ಊರು, ಮನೆತನದ ವಿವರ ಬದಲಿಸಿದೆ. ಹುಡುಗ ಓದಿ ಒಪ್ಪಿದ ಮೇಲೆಯೇ ಬರೆದಿದ್ದು.

ಅವನನ್ನು ಶ್ರೀಧರ ಎನ್ನೋಣ. 19 ವರ್ಷ, ಬಿ.ಕಾಂ. ಎರಡನೇ ವರ್ಷ. ಹೊಸನಗರದ ಕಡೆ ಎರಡು ಎಕರೆ ಅಡಿಕೆ ತೋಟದ ಮನೆ. 11ನೇ ವಯಸ್ಸಿನಿಂದ ಹಿರಿಯ ಭಾಗವತರೊಬ್ಬರಲ್ಲಿ ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಭಾಗವತಿಕೆ ಕಲಿಯುತ್ತಿದ್ದ. ಮಕ್ಕಳ ಆಟದಲ್ಲಿ ಹೇಳಿದ ಪದ್ಯವೊಂದರ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದು 'ಬಾಲ ಭಾಗವತ' ಎಂಬ ಹೆಸರು ಅಂಟಿತ್ತು. ಗುರುಗಳಿಗೆ ಆರೋಗ್ಯ ಕೆಟ್ಟಾಗ, ನಾಲ್ಕು ಆಟಕ್ಕೆ ಶಿಷ್ಯನೇ ಕೂರಲಿ ಎಂದು ಮೇಳದ ಯಜಮಾನರು ಕೇಳಿದರು. ನಾಲ್ಕು ಹನ್ನೊಂದಾಯಿತು. ಹನ್ನೊಂದರಲ್ಲಿ ಆರು ಆಟಗಳಿಗೆ ಸಂಜೆಯ ಹೊತ್ತಿಗೆ ಗಂಟಲು ಕಟ್ಟಿ ಸ್ವರ ಕೂತಿತ್ತು. ಕಿವಿ-ಮೂಗು-ಗಂಟಲಿನ ವೈದ್ಯರು ಕ್ಯಾಮೆರಾ ಹಾಕಿ ನೋಡಿ, ಧ್ವನಿತಂತುಗಳು ಕೆಂಪಾಗಿ ಊದಿವೆ, ಗಂಟು ಮೂಡಿಲ್ಲ, ವಿಶ್ರಾಂತಿ ಕೊಡಿ ಎಂದು ಹೇಳಿ, ಹುಡುಗನ ಕಳೆಗುಂದಿದ ಮುಖ ನೋಡಿ ಇಲ್ಲಿಗೆ ಕಳಿಸಿದ್ದರು.

ಮೊದಲ ಮೂರು ಭೇಟಿಗಳು ಸಭಾಕಂಪಕ್ಕೇ ಹೋದವು. ಉಸಿರಾಟದ ಅಭ್ಯಾಸ, ನಿದ್ದೆಯ ಶಿಸ್ತು, ಹೆದರಿಕೆಯನ್ನು ಒಂದರಿಂದ ಹತ್ತರವರೆಗೆ ಅಳೆದು ಬರೆಯುವ ಪುಸ್ತಕ. ಶ್ರೀಧರ ಒಂದನ್ನೂ ಬಿಡದೆ ಮಾಡಿಕೊಂಡು ಬರುತ್ತಿದ್ದ, ದುಂಡಗಿನ ಅಕ್ಷರದಲ್ಲಿ. ಫಲ ಮಾತ್ರ ಇಲ್ಲ. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿ ತರುವವರ ವಿಷಯದಲ್ಲಿ ಆಪ್ತಸಲಹೆಗಾರರು ಎಚ್ಚರವಾಗಿರಬೇಕು. 'ಆಗಲ್ಲ' ಎಂಬ ಮಾತೇ ಬಾಯಿಗೆ ಬಾರದವರು ಸಲಹೆಗಾರರಿಗೂ ಆ ಮಾತು ಹೇಳುವುದಿಲ್ಲ.

ನಾಲ್ಕನೇ ಭೇಟಿ ಮುಗಿದು ತಾಯಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಬಸ್ಸಿಗೆ ಹೊತ್ತಾಗಿತ್ತು. ಅವಸರದಲ್ಲೇ ಒಂದು ಮಾತು ಹೇಳಿದರು.

"ಎಂತದೋ ಗೊತ್ತಿಲ್ಲ ಮೇಡಂ. ಬಾಕಿ ದಿನ ಇವ ತೋಟದ ಕಡೆ ತಲೆ ಹಾಕಿನೂ ಮಲಗಲ್ಲ. ಆಟ ಇದ್ದ ದಿನ ಮಾತ್ರ ಎದ್ದವನೇ ಮಂಗ ಓಡಿಸ್ತೀನಿ ಅಂತ ಹೋಗ್ತಾನೆ. ಮಧ್ಯಾಹ್ನದ ತನಕ ಕೂಗ್ತಿರೋದು ಮನೆಗೇ ಕೇಳತ್ತೆ. ಕೆಲಸದ ಮೇಲೆ ಮನಸ್ಸು ಬಂತಲ್ಲ ಅಂತ ನಾನೂ ಸುಮ್ಮನಿದೀನಿ."

ಮಲೆನಾಡಿನ ತೋಟದವರಿಗೆ ಮಂಗ ಓಡಿಸುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಎದೆಯಿಂದ ಬರುವ ಕೂಗಲ್ಲ ಅದು. ಗಂಟಲನ್ನು ಬಿಗಿದು, ಗುಡ್ಡಕ್ಕೆ ಬಡಿದು ತಿರುಗಿ ಬರುವ ಹಾಗೆ, ಮತ್ತೆ ಮತ್ತೆ. ಶ್ರೀಧರನಿಗೊಂದು ಅಭ್ಯಾಸವಿತ್ತು. ಕೂತಲ್ಲಿ ಬಲಗೈಯ ಬೆರಳುಗಳು ಮೊಣಕಾಲಿನ ಮೇಲೆ ತಾಳ ಹಾಕುತ್ತಲೇ ಇರುತ್ತಿದ್ದವು, ಮಾತಾಡುವಾಗಲೂ. ತಾಯಿಯ ಆ ಮಾತಿಗೆ ಬೆರಳು ನಿಂತವು.

ಮುಂದಿನ ಬಸ್ಸಿಗೆ 40 ನಿಮಿಷವಿತ್ತು. ತಾಯಿ ಹೊರಗೆ ಕೂತರು, ಹುಡುಗ ಒಳಗೆ ಉಳಿದ.

ಇಂಥ ಹೊತ್ತಿನಲ್ಲಿ 'ಯಾಕೆ' ಎಂದು ಕೇಳುವುದು ತಪ್ಪು. ಯಾಕೆ ಎಂದರೆ ಸಮಜಾಯಿಷಿ ಬರುತ್ತದೆ. ಎಷ್ಟು, ಎಲ್ಲಿ, ಯಾವಾಗ ಎಂದರೆ ನಡೆದದ್ದು ಬರುತ್ತದೆ. ಕೇಳಿದ್ದು ಇಷ್ಟೇ: "ಎಷ್ಟು ಹೊತ್ತು ಕೂಗ್ತೀಯ?"

"ಮೂರು ಗಂಟೆ."

"ಮಂಗ ಹೋದ ಮೇಲೂ?"

ಬಹಳ ಹೊತ್ತು ಮಾತಿಲ್ಲ. ಆಮೇಲೆ ನೆಲ ನೋಡುತ್ತ ಹೇಳಿದ: "ಮಂಗ ಬರದ ದಿನನೂ ಕೂಗಿದೀನಿ ಮೇಡಂ. ಸ್ವರ ಕೂತ್ರೆ ಯಾರೂ ಬೈಯಲ್ಲ. ಆಗಲ್ಲ ಅಂದ್ರೆ ಗುರುಗಳ ಮುಖ ಹೆಂಗೆ ನೋಡೋದು? ಅಪ್ಪಯ್ಯ ಊರಿಗೆಲ್ಲ ಹೇಳ್ಕೊಂಡು ಬಂದಾಗಿದೆ."

ಅಳು ಬಂತು. ಅಳು ಮುಗಿಯುವವರೆಗೆ ಕಾದು, ಹಿಂದಿನ ಆಟದ ರಾತ್ರಿಯನ್ನು ಗಂಟೆ ಗಂಟೆಯಾಗಿ ಹೇಳಿಸಲಾಯಿತು. ಚೌಕಿಗೆ (ಬಣ್ಣದ ಕೋಣೆಗೆ) ಎಷ್ಟಕ್ಕೆ ಬಂದೆ, ಏನು ತಿಂದೆ, ಯಾರ ಪಕ್ಕ ಕೂತೆ, ಮೊದಲ ಪದ್ಯ ಯಾವ ರಾಗ. ಮೊದಲ ಪದ್ಯದ ಮಾತು ಬಂದಾಗ ಅವನ ಮುಖದಲ್ಲಿ ಹೆದರಿಕೆಯಿಲ್ಲ. ಗಣಪತಿ ಸ್ತುತಿ, ಒಡ್ಡೋಲಗ, ಪೀಠಿಕೆಯ ಪದ್ಯಗಳು, ಎಲ್ಲ ಸಲೀಸು. ಹಾಗಾದರೆ ಹೊಟ್ಟೆಯಲ್ಲಿ ಸಂಕಟ ಶುರುವಾಗುವುದು ಯಾವಾಗ?

"ಪದ್ಯ ಹೇಳಕ್ಕೆ ಹೆದರಿಕೆ ಇಲ್ಲ ಮೇಡಂ. ನಿಲ್ಸಕ್ಕೆ ಹೆದರಿಕೆ."

ಪ್ರಕರಣ ಇಡಿಯಾಗಿ ಬಿಚ್ಚಿಕೊಂಡದ್ದು ಈ ಒಂದು ಮಾತಿನಿಂದ. ಇದರ ಅರ್ಥ ತಿಳಿಯಬೇಕಾದರೆ ಭಾಗವತನ ಕೆಲಸ ತಿಳಿದಿರಬೇಕು. ಭಾಗವತನೇ ಮೊದಲನೇ ವೇಷಧಾರಿ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಅವನು ಹಾಡುಗಾರನೂ ಹೌದು, ಆಟವನ್ನು ನಡೆಸುವವನೂ ಹೌದು. ಯಾವ ಪದ್ಯ ಎತ್ತಬೇಕು, ಯಾವುದು ಬಿಡಬೇಕು, ಅರ್ಥ (ವೇಷಧಾರಿಯ ಮಾತು) ಎಲ್ಲಿಗೆ ಸಾಕು, ಕುಣಿತ ಎಷ್ಟು ಸಾಕು, ಎಲ್ಲದಕ್ಕೂ ಅವನ ಕೈಯ ತಾಳವೇ ಆಜ್ಞೆ. ವೇಷಧಾರಿ ಕುಣಿಯುತ್ತಿರುವಷ್ಟು ಹೊತ್ತು ಭಾಗವತ ಅದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿರಬೇಕು. ಬರೀ ಹಾಡಿದರೆ ಎರಡು ಮೂರು ನಿಮಿಷಕ್ಕೆ ಮುಗಿಯುವ ಪದ್ಯ ಕುಣಿತಕ್ಕೆ ಸಿಕ್ಕಿದರೆ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ. ಎದುರಿಗೆ 30 ವರ್ಷ ಗೆಜ್ಜೆ ಕಟ್ಟಿದ ಹಿರಿಯ ಕಲಾವಿದರು, ಚಪ್ಪಾಳೆ ಬೀಳುತ್ತಿದೆ, 'ಇನ್ನೊಮ್ಮೆ' ಎಂದು ಕಣ್ಣಲ್ಲೇ ಹೇಳುತ್ತಾರೆ. ಅನುಭವಿ ಭಾಗವತರು ಎರಡು ಸಲ ನೋಡಿ ಮುಕ್ತಾಯ ಹಾಕುತ್ತಾರೆ. 19ರ ಹುಡುಗನ ಕೈ ಏಳುವುದಿಲ್ಲ. ಮನೆಯಲ್ಲಿ, ತರಗತಿಯಲ್ಲಿ, ಗುರುಗಳ ಮುಂದೆ ಎಲ್ಲಿಯೂ ಹಿರಿಯರ ಮಾತಿಗೆ ಅಡ್ಡ ಬಂದು ಗೊತ್ತಿಲ್ಲದವನು ತುಂಬಿದ ಸಭೆಯಲ್ಲಿ ಹಿರಿಯರೊಬ್ಬರ ಕುಣಿತ ಕಡಿಯಬೇಕು. ಅವನು ಕಡಿಯುತ್ತಿರಲಿಲ್ಲ. ಹೇಳುತ್ತಲೇ ಇದ್ದ. ಒಂದೇ ಸಾಲು, ಹತ್ತು ಸಲ, ಮೇಲಿನ ಷಡ್ಜದಲ್ಲಿ, ಎತ್ತರದ 'ಸ'ದಲ್ಲಿ.

ಯಜಮಾನರಿಗೆ 'ಆಗಲ್ಲ' ಎನ್ನಲಾರ, ಅಪ್ಪಯ್ಯನಿಗೆ ಎನ್ನಲಾರ, ವೇಷಧಾರಿಗೆ 'ಸಾಕು' ಎನ್ನಲಾರ. ಬಾಯಿ ಹೇಳಲಾರದ್ದನ್ನು ಹೇಳಲು ಗಂಟಲನ್ನು ಕಳಿಸುತ್ತಿದ್ದ. ಇಂಥವನಿಗೆ ಉಸಿರಾಟದ ಅಭ್ಯಾಸ ಕಲಿಸಿದರೆ ಇನ್ನೂ ಹೆಚ್ಚು ಹೊತ್ತು ತಡೆದುಕೊಳ್ಳುವುದನ್ನು ಕಲಿಸಿದಂತಾಯಿತು, ಅಷ್ಟೇ. ಮೂರು ಭೇಟಿ ಆದದ್ದು ಅದೇ.

ಗಂಟಲಿನ ಲೆಕ್ಕ ಬೇರೆಯೇ ಇತ್ತು, ಅದನ್ನೂ ನೋಡಬೇಕಾಯಿತು. ಅವನ ಹಾಡು ಕಪ್ಪು 4ರ ಶ್ರುತಿಗೆ, ಎಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯನ್ನು ಷಡ್ಜವಾಗಿಟ್ಟುಕೊಂಡು. 11ನೇ ವಯಸ್ಸಿನಲ್ಲಿ ಕಲಿತದ್ದು ಅದೇ ಶ್ರುತಿಯಲ್ಲಿ, ಆಗ ಎಳೆಯ ಗಂಟಲು, ಲೀಲೆಯಂತೆ ಏರುತ್ತಿತ್ತು. 14ರ ಹೊತ್ತಿಗೆ ಸ್ವರ ಒಡೆಯಿತು. ಗಂಡುಮಕ್ಕಳ ಧ್ವನಿತಂತು ಆ ವಯಸ್ಸಿನಲ್ಲಿ ಉದ್ದವಾಗಿ ದಪ್ಪವಾಗುತ್ತದೆ, ಮಾತಿನ ಧ್ವನಿ ಹೆಚ್ಚು ಕಡಿಮೆ ಒಂದು ಸ್ಥಾಯಿಯಷ್ಟು ಇಳಿಯುತ್ತದೆ. ಒಡೆದ ಸ್ವರ ಕೂಡಿಕೊಂಡ ಮೇಲೆ ಹೊಸದಾಗಿ ಶ್ರುತಿ ನೋಡಿ ಕೂರಿಸಬೇಕಿತ್ತು. ಯಾರೂ ನೋಡಲಿಲ್ಲ, ಏಕೆಂದರೆ ಗುರುಗಳದೂ ಕಪ್ಪು 4, ಮೇಳದ ಮದ್ದಳೆಯೂ ಕಪ್ಪು 4. ವಿಡಿಯೊದಲ್ಲಿ ಜನ ಮೆಚ್ಚಿದ್ದೂ ಆ ಎತ್ತರವನ್ನೇ. ಕಪ್ಪು 4ರಲ್ಲಿ ಮೇಲಿನ ಷಡ್ಜ ಹಿಡಿದರೆ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 415 ಸಲ ಒಂದಕ್ಕೊಂದು ತಾಗುತ್ತವೆ. ಬಿಳಿ 4ಕ್ಕೆ ಇಳಿಸಿದರೆ ಸುಮಾರು 349. ಊದಿಕೊಂಡ ತಂತುಗಳಿಗೆ ಈ ಅಂತರ ಸಣ್ಣದಲ್ಲ.

ಇಳಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭವೂ ಅಲ್ಲ. ಮದ್ದಳೆಯ ಬಲಗಡೆಯ ಮುಚ್ಚಿಗೆ, ಎಂದರೆ ಬಾರಿಸುವ ಚರ್ಮ, ಶ್ರುತಿಗೆ ಕೂಡಬೇಕು. ಬಡಿದು ಏರಿಸಿ ಇಳಿಸಿ ಮಾಡಿದರೂ ಒಂದು ಮಿತಿಯಿದೆ. ಮೂರು ಅರ್ಧಸ್ವರ ಇಳಿಸಿದರೆ ಮುಚ್ಚಿಗೆ ಸಡಿಲವಾಗಿ ನಾದವೇ ಸಾಯುತ್ತದೆ. ಬಿಳಿ 4ಕ್ಕೆ ಹದ ಮಾಡಿದ ಇನ್ನೊಂದು ಮದ್ದಳೆ ಬೇಕು, ಚಂಡೆಯನ್ನೂ ಅದಕ್ಕೆ ಹೊಂದಿಸಬೇಕು. ಶಿಷ್ಯ ರಂಗಸ್ಥಳದಲ್ಲಿ ಕೂತ ಮೇಲೆ "ಸ್ವಲ್ಪ ಇಳಿಸಿ" ಎಂದರೆ ಆಗದ ಕೆಲಸ ಅದು. ಮುಂಚೆ ಹೇಳಬೇಕು. ಮುಂಚೆ ಹೇಳುವ ಬಾಯಿ ಬೇಕು.

ಕೊಟ್ಟ ಸಲಹೆಗೆ ಎರಡು ಕಡೆಯಿಂದಲೂ ಆಕ್ಷೇಪ ಬಂದಿದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಬಿಟ್ಟುಬಿಡು ಎಂದು ಹೇಳಲಿಲ್ಲ. ಹಾಡುವಾಗ ಅವನಿಗೆ ಸಂತೋಷವಿತ್ತು, ಅದು ಕಣ್ಣಿಗೆ ಕಾಣುತ್ತಿತ್ತು. ಸಂಕಟ ಬಂತೆಂದು ಸಂತೋಷವನ್ನೂ ಕಿತ್ತುಹಾಕಿದರೆ ಆ ಹುಡುಗನಿಗೆ ಉಳಿಯುವುದು ಸೋತವನೆಂಬ ಹೆಸರು. ಧೈರ್ಯ ಮಾಡಿ ಪೂರ್ತಿ ಹೇಳು ಎಂದೂ ಹೇಳಲಿಲ್ಲ. ಹೇಳಿದ್ದು: ರಂಗಸ್ಥಳ ಬಿಡಬೇಡ, ರಾತ್ರಿಯನ್ನು ಭಾಗ ಮಾಡು. ಎಷ್ಟು ಹೊತ್ತು, ಯಾವ ಶ್ರುತಿ, ಯಾವ ಪದ್ಯದಿಂದ ಯಾವ ಪದ್ಯದವರೆಗೆ ಎಂಬುದು ಹತ್ತು ದಿನ ಮುಂಚೆ ತೀರ್ಮಾನವಾಗಬೇಕು, ಕಾಗದದ ಮೇಲೆ ಇರಬೇಕು. ಚೌಕಿಯಲ್ಲಿ ನಿಂತುಕೊಂಡು ಆಡುವ ಮಾತಲ್ಲ ಅದು.

ಉದಾಹರಣೆಗೆ ಕೃಷ್ಣಾರ್ಜುನ ಕಾಳಗ ಎಂಬ ಪ್ರಸಂಗ. ಕೃಷ್ಣನಿಗೆ ಹೆದರಿ ಬಂದ ಗಂಧರ್ವ ಗಯನಿಗೆ ಅರ್ಜುನ ಅಭಯ ಕೊಡುವಲ್ಲಿಯವರೆಗೆ ಶ್ರೀಧರ. ಅಲ್ಲಿಂದ ಮುಂದೆ ಮಾತು ಬಿಸಿಯಾಗಿ ಯುದ್ಧಕ್ಕೆ ತಿರುಗುತ್ತದೆ, ಎತ್ತರದ ಸ್ವರದಲ್ಲಿ ಹೇಳುವ ಏರುಪದಗಳು ಬರುತ್ತವೆ, ಅದು ಹಿರಿಯ ಭಾಗವತರಿಗೆ. ತಾಳ ಕೈ ಬದಲಿಸುವುದು ಒಂದು ಪಾತ್ರ ಒಳಗೆ ಹೋಗಿ ಇನ್ನೊಂದು ಬರುವ ಸಂಧಿಯಲ್ಲಿ. ಪದ್ಯದ ನಡುವೆ ಬದಲಿಸಿದರೆ ಹುಡುಗ ಸೋತು ಎದ್ದ ಎಂದು ಸಭೆ ತಿಳಿಯುತ್ತದೆ. ಸಂಧಿಯಲ್ಲಿ ಬದಲಿಸಿದರೆ ಅದು ಆಟದ ಕ್ರಮ. ಹಿರಿಯರು ಶುರುವಿನಿಂದಲೇ ಚೌಕಿಯಲ್ಲಿರಬೇಕು. 'ಬೇಕಾದರೆ ಫೋನ್ ಮಾಡು, ಬರುತ್ತೇನೆ' ಎಂಬುದು ನಡೆಯುವುದಿಲ್ಲ, ಫೋನ್ ಮಾಡಲಾರದ ಹುಡುಗನ ಕಥೆಯೇ ಇದು.

'ಆಗಲ್ಲ' ಎನ್ನುವುದನ್ನು ಕೋಣೆಯಲ್ಲಿ ಅಭ್ಯಾಸ ಮಾಡಿಸಲಾಯಿತು. ಅದು ಹಾಡಿನಷ್ಟೇ ಅಭ್ಯಾಸ ಬೇಡುತ್ತದೆ. ಮೊದಲು ಆಗುವುದನ್ನು ಹೇಳಬೇಕು, ಆಮೇಲೆ ಆಗದ್ದನ್ನು, ನಡುವೆ ಕ್ಷಮೆ ಕೇಳಬಾರದು, ಕಾರಣ ಒಂದೇ ಸಾಕು. ಅವನು ಕಟ್ಟಿಕೊಂಡ ವಾಕ್ಯ ಇದು: "ಗಯನಿಗೆ ಅಭಯ ಕೊಡೋ ತನಕ ನಾನು ಹೇಳ್ತೀನಿ. ಅಲ್ಲಿಂದ ಮುಂದೆ ಗುರುಗಳು ಹೇಳ್ಬೇಕು. ಡಾಕ್ಟ್ರು ಒಂದು ಗಂಟೆ ಅಂದಿದಾರೆ." ಮೊದಲ ಐದಾರು ಸಲ ವಾಕ್ಯದ ಕೊನೆಗೆ "ನೀವು ಹೆಂಗೆ ಹೇಳ್ತೀರೋ ಹಂಗೆ" ಎಂಬ ಬಾಲ ತಾನಾಗಿ ಬಂದು ಅಂಟಿಕೊಳ್ಳುತ್ತಿತ್ತು. ಅದು ಬಂದರೆ ಮೇಲಿನ ಎಲ್ಲ ಮಾತೂ ಅಳಿಸಿಹೋದಂತೆ. ಆ ಬಾಲ ಬಿಡಿಸಲು ಎರಡು ಭೇಟಿ ಹಿಡಿಯಿತು.

ಗುರುಗಳನ್ನು ಕರೆಸಿದ್ದು ಶ್ರೀಧರನ ಒಪ್ಪಿಗೆಯ ಮೇಲೆ. ಮಂಗದ ವಿಷಯ ಹೇಳುವುದಿಲ್ಲ, ಹೇಳಬೇಕೆನಿಸಿದರೆ ಅವನೇ ಹೇಳಲಿ ಎಂದು ಮೊದಲೇ ಮಾತಾಗಿತ್ತು. 19 ತುಂಬಿದವನ ಗುಟ್ಟು ಅವನದು, ತಂದೆ ತಾಯಿ ಶುಲ್ಕ ಕೊಟ್ಟರೂ. ಗುರುಗಳು ಬಂದು ಕೂತರು. ಹುಡುಗ ವಾಕ್ಯ ಹೇಳಿದ, ಬಾಲವಿಲ್ಲದೆ. ಶ್ರುತಿಯ ಮಾತನ್ನೂ ಹೇಳಿದ. ಅವರು ತುಸು ಹೊತ್ತು ಸುಮ್ಮನಿದ್ದು, "ಇನ್ನೊಂದು ಮದ್ದಳೆ ಒಯ್ಯೋದು ಏನು ದೊಡ್ಡ ಭಾರ ಮಾರಾಯ? ಮೊದಲೇ ಹೇಳೋದಲ್ವನಾ?" ಎಂದರು. ಅಷ್ಟೇ. ಎರಡು ತಿಂಗಳು ಹುಡುಗ ಊಟ ಬಿಟ್ಟದ್ದು ಈ ಮಾತಿನ ಎದುರು ನಿಲ್ಲಲಾರದೆ.

ಎಲ್ಲ ಗುರುಗಳೂ ಹೀಗೆ ಒಪ್ಪುತ್ತಾರೆಂದು ನಂಬಿ ಸಲಹೆ ಕೊಡಬಾರದು. ಒಪ್ಪದಿದ್ದರೂ ಹೇಳಬೇಕಾದ ವಾಕ್ಯ ಅದೇ. ಆದರೆ 'ನಿಲ್ಲಿಸುವ' ಸಮಸ್ಯೆಗೆ ಪರಿಹಾರ ಕೊಟ್ಟದ್ದು ಸಲಹೆಗಾರರಲ್ಲ, ಆ ಗುರುಗಳೇ. ವೇಷಧಾರಿಗಳು ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂತು, "ಈ ಪದ್ಯಕ್ಕೆ ಎಷ್ಟು ಸಲ ಬೇಕು ನಿಮಗೆ?" ಎಂದು ಕೇಳಬೇಕು. ಕೇಳಿಸಿಕೊಂಡ ಹಿರಿಯರಿಗೆ ಖುಷಿ, ಹೇಳಿದ ಲೆಕ್ಕಕ್ಕೆ ಅವರೂ ಬದ್ಧರು. ಮೂರು ಎಂದರೆ ಮೂರನೆಯದಕ್ಕೆ ಮುಕ್ತಾಯ. ಆಗ ಅದು ಕುಣಿತ ಕಡಿದದ್ದಾಗುವುದಿಲ್ಲ, ಮಾತಿನಂತೆ ನಡೆದದ್ದು.

ಅಪ್ಪಯ್ಯನನ್ನು ಒಪ್ಪಿಸುವುದು ಕಷ್ಟವಾಯಿತು. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ್ರಿ. ಕಾಳಿಂಗ ನಾವಡರು ಮೇಲೆ ಬಂದಾಗ ಎಷ್ಟು ವಯಸ್ಸಿತ್ತು ಹೇಳಿ?" ಎಂದರು. ಸಿಟ್ಟಿನ ಮಾತಾದರೂ ಕೇಳಬೇಕಾದ ಪ್ರಶ್ನೆಯೇ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗಲೂ ಹೆಸರಾಂತ ಭಾಗವತ ನಾವಡರಿನ್ನೂ ಎಳೆಯರೇ, ಅಷ್ಟರೊಳಗೆ ಬಡಗಿನ ಹಾಡಿಗೇ ಹೊಸ ಹುಮ್ಮಸ್ಸು ತಂದಿದ್ದರು. ಆದರೆ ಅವರು ಭಾಗವತರ ಮನೆಯಲ್ಲಿ ಹುಟ್ಟಿ, ಹಿರಿಯ ಭಾಗವತ ನಾರಣಪ್ಪ ಉಪ್ಪೂರರಂಥವರ ಶಿಷ್ಯರಾಗಿ ಬಂದವರು. ಎಳೆಯ ವಯಸ್ಸು ತಪ್ಪಲ್ಲ. ಮೆಟ್ಟಿಲಿಲ್ಲದೆ ಅಟ್ಟಕ್ಕೆ ಏರಿಸುವುದು ತಪ್ಪು.

ಮೆಟ್ಟಿಲು ಹಿಂದೆ ಇತ್ತು. ರಾತ್ರಿಯಿಡೀ ಆಟವಾಗುತ್ತಿದ್ದಾಗ ಮೊದಲಿಗೆ ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಆಗ ಹಾಡುತ್ತಿದ್ದವರು ಮುಖ್ಯ ಭಾಗವತರಲ್ಲ, ಸಂಗೀತಗಾರ ಎಂದು ಕರೆಸಿಕೊಳ್ಳುವ ಕಲಿಯುವ ಹುಡುಗ. ಕುಣಿಯುವವರೂ ಕಲಿಯುವವರೇ. ಅದೇ ರಂಗಸ್ಥಳ, ಅದೇ ಚಂಡೆ ಮದ್ದಳೆ, ಅದೇ ದೀಪ. ಸಭೆ ಮಾತ್ರ ಇನ್ನೂ ತುಂಬುತ್ತಿರುತ್ತಿತ್ತು. ತಪ್ಪಿದರೆ ಸರಿಪಡಿಸಿಕೊಳ್ಳಲು ಅಲ್ಲಿ ಜಾಗವಿತ್ತು. ಆಮೇಲೆ ಎರಡನೇ ಭಾಗವತಿಕೆ, ಎಷ್ಟೋ ವರ್ಷದ ಮೇಲೆ ಮುಖ್ಯ ಸ್ಥಾನ. ಈಗ ಕಾಲಮಿತಿಯ ಆಟ, ಮೂರೂವರೆ ನಾಲ್ಕು ಗಂಟೆ. ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಪ್ರೇಕ್ಷಕರಿಗೆ ಅನುಕೂಲವಾಯಿತು, ಕಲಿಯುವವರಿಗೆ ರಂಗಸ್ಥಳದ ಮೇಲಿದ್ದ ತರಗತಿ ಹೋಯಿತು. ಈಗ ಹುಡುಗ ಒಂದೋ ಗುರುಗಳ ಮನೆಯ ಜಗುಲಿಯಲ್ಲಿ ಇರುತ್ತಾನೆ, ಇಲ್ಲವೇ ನೇರ ಮುಖ್ಯ ಭಾಗವತರ ಜಾಗದಲ್ಲಿ. ನಡುವೆ ಏನೂ ಇಲ್ಲ. ಈ ಪ್ರಕರಣ ಪ್ರತಿವರ್ಷ ಮರಳಿ ಬರುವುದಕ್ಕೆ ಮಕ್ಕಳ ಮನಸ್ಸು ದುರ್ಬಲವಾಗಿರುವುದು ಕಾರಣವಲ್ಲ, ಇದೇ ಕಾರಣ ಎಂದು ನನ್ನ ದೃಢವಾದ ನಂಬಿಕೆ.

ಹಾಡಿಯೇ ನಾಟಕ ನಡೆಸುವ ಪಶ್ಚಿಮದ ಒಪೆರಾದವರು ಇದೇ ತೊಡಕಿಗೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 1980ರಲ್ಲಿ ಎಳೆಯ ಗಾಯಕರಿಗೆಂದೇ ತರಬೇತಿ ಶುರುಮಾಡಿತು, ಲಂಡನ್ನಿನ ರಾಯಲ್ ಒಪೆರಾ 2001ರಲ್ಲಿ. ಅಂಥ ಕಡೆ ಕಲಿಯುವವರಿಗೆ ದೊಡ್ಡ ರಂಗದಲ್ಲಿಯೇ ಸಣ್ಣ ಪಾತ್ರ ಕೊಡುತ್ತಾರೆ. ಅದರ ಜೊತೆಗೆ ಮುಖ್ಯ ಪಾತ್ರವನ್ನು ಪೂರ್ತಿ ಕಲಿಸಿ, ಹಿರಿಯರಿಗೆ ಆಗದ ದಿನಕ್ಕೆ ಸಿದ್ಧವಾಗಿ ಇರಿಸಿಕೊಳ್ಳುತ್ತಾರೆ. ದೊಡ್ಡ ಪಾತ್ರ ಹಾಡಿದವರಿಗೆ ಸಾಮಾನ್ಯವಾಗಿ ಮರುದಿನ ಬಿಡುವು. ನಮ್ಮ ಮೇಳಗಳದು ದಿನವಹಿ ಆಟ, ಬಿಡುವು ಕೊಡುವುದು ಸುಲಭವಲ್ಲ. ಆದ್ದರಿಂದಲೇ ಕಲಿಯುವವರನ್ನು ಎರಡು ರಾತ್ರಿ ಸಾಲಾಗಿ ಕೂರಿಸಬಾರದು ಎಂಬುದನ್ನಾದರೂ ಮನೆಯವರು ಹಿಡಿದು ಕೇಳಬೇಕು.

ಹೂಂ ಎನ್ನುವ ಮೊದಲು ತಂದೆ ತಾಯಿ ಕೇಳಬೇಕಾದ್ದು ಇನ್ನೂ ಇದೆ. ಹಿರಿಯ ಭಾಗವತರು ಆ ರಾತ್ರಿ ಎಲ್ಲಿರುತ್ತಾರೆ? ಭಾಗವತರ ಕಡೆಗೆ ಮುಖ ಮಾಡಿದ ಸ್ಪೀಕರ್ ಒಂದು ಇದೆಯೇ? ಇದು ಸಣ್ಣ ಮಾತಲ್ಲ. ಪಕ್ಕದಲ್ಲೇ ಚಂಡೆ ಬಡಿಯುವಾಗ ತನ್ನ ಸ್ವರ ತನಗೇ ಕೇಳದಿದ್ದರೆ ಯಾರಾದರೂ ಕಿರುಚಿಯೇ ಕಿರುಚುತ್ತಾರೆ, ಗೊತ್ತಿಲ್ಲದೆ. ಮೈಕು ಬಾಯಿಂದ ನಾಲ್ಕು ಬೆರಳು ದೂರ, ಸ್ಪೀಕರ್ ಮೊಣಕಾಲಿನ ಮಟ್ಟದಲ್ಲಿ ಮುಖದ ಕಡೆಗೆ ಓರೆಯಾಗಿ, ಇಷ್ಟಾದರೆ ಅರ್ಧ ಶ್ರಮ ಉಳಿಯುತ್ತದೆ. ಕರಪತ್ರದಲ್ಲಿ, ಫ್ಲೆಕ್ಸಿನಲ್ಲಿ ಹುಡುಗನ ಹೆಸರನ್ನು ಪ್ರಧಾನ ಭಾಗವತರೆಂದು ಹಾಕಿಸಬಾರದು. ಹೆಸರು ಅಚ್ಚಾದ ಮೇಲೆ ಹಿಂದೆ ಸರಿಯುವ ದಾರಿ ಮುಚ್ಚುತ್ತದೆ. ಮೊದಲ ಆರು ಆಟ ವಿಡಿಯೊ ಬೇಡ ಎಂದು ಸಂಘಟಕರಿಗೆ ಹೇಳಿದರೆ ಕೇಳುತ್ತಾರೆ, ಶ್ರೀಧರನ ವಿಷಯದಲ್ಲಿ ಕೇಳಿದರು.

ಗಂಟಲಿನ ಆರೈಕೆಗೆ ವಾಕ್‌ಚಿಕಿತ್ಸಕರ ಬಳಿ ಕಳಿಸಲಾಯಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿಯ ತೊಂದರೆಗೆಂದೇ ವಿಭಾಗವಿದೆ, ಹತ್ತಿರದಲ್ಲಿ ಸಿಗದವರು ಅಲ್ಲಿಗೆ ಹೋಗಬಹುದು. ವಾಕ್‌ಚಿಕಿತ್ಸಕರು ಹೇಳಿದ್ದರಲ್ಲಿ ಎಲ್ಲ ಕಲಾವಿದರಿಗೂ ಬೇಕಾದ ಕೆಲವು ಮಾತುಗಳಿವೆ. ಸ್ವರ ಕೂತಾಗ ಪಿಸುಮಾತು ಆಡಬಾರದು, ಅದೂ ಗಂಟಲನ್ನು ಬಿಗಿಯುತ್ತದೆ. ಮಾತು ಬೇಕೇ ಬೇಕಾದರೆ ಮೆಲ್ಲಗೆ, ಸಹಜ ಧ್ವನಿಯಲ್ಲಿ. ಖ್ಖಾ ಎಂದು ಗಂಟಲು ಸರಿಮಾಡಿಕೊಳ್ಳುವ ಚಾಳಿ ತಂತುಗಳನ್ನು ಒಂದಕ್ಕೊಂದು ಬಡಿಸುತ್ತದೆ. ಅದರ ಬದಲು ಗುಟುಕು ನೀರು. ಜೇನು, ಕಲ್ಲುಸಕ್ಕರೆ, ಕರಿಮೆಣಸಿನ ಕಷಾಯ ಹಿತವೆನಿಸಿದರೆ ಕುಡಿಯಲಿ, ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಧ್ವನಿತಂತುವನ್ನು ಮುಟ್ಟುವುದಿಲ್ಲ. ಮುಟ್ಟುವುದು ಹಬೆ. ನೀರು ಮೈಗೆ ಸೇರಿ ಕೆಲಸ ಮಾಡಲು ಹೊತ್ತು ಬೇಕು, ಬೆಳಗಿನಿಂದಲೇ ಕುಡಿಯಬೇಕು. ಆಟ ಮುಗಿಸಿ ಖಾರದ ಊಟ ಮಾಡಿ ತಕ್ಷಣ ಮಲಗಿದರೆ ಹೊಟ್ಟೆಯ ಹುಳಿ ಗಂಟಲಿಗೆ ಬರುತ್ತದೆ, ಬೆಳಗ್ಗೆ ಸ್ವರ ಕೂರುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಹಾಡುವ ಮೊದಲು ಐದು ನಿಮಿಷ, ಲೋಟದ ನೀರಿನಲ್ಲಿ ಸ್ಟ್ರಾವನ್ನು ಎರಡು ಬೆರಳು ಮುಳುಗಿಸಿ ಗುಳ್ಳೆ ಬರುವಂತೆ 'ಊ' ಎಂದು ಕೆಳಗಿನಿಂದ ಮೇಲಕ್ಕೆ ಸ್ವರ ಏರಿಸಿ ಇಳಿಸುವುದು. ಮರುದಿನ ಬೆಳಗ್ಗೆ ಮೇಲಿನ ಷಡ್ಜವನ್ನು ಬಹಳ ಮೆಲ್ಲಗೆ 'ಊ' ಎಂದು ಹಿಡಿದು ನೋಡುವುದು. ಗಟ್ಟಿಯಾಗಿ ಹಾಡಿದರೆ ಊತ ಮರೆಯಾಗುತ್ತದೆ, ಮೆಲ್ಲಗೆ ಹಾಡಿದರೆ ಸಿಕ್ಕಿಬೀಳುತ್ತದೆ: ಸ್ವರ ತಡವಾಗಿ ಹೊರಡುತ್ತದೆ ಅಥವಾ ನಡುವೆ ಗಾಳಿಯಾಗುತ್ತದೆ. ಹಾಗಾದರೆ ಆ ದಿನ ಹಾಡಿಲ್ಲ. ಸ್ವರ ಮೂರು ವಾರವಾದರೂ ಸರಿಯಾಗದಿದ್ದರೆ ಮನೆಮದ್ದು ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಗಂಟು ಮೂಡಿದ್ದರೂ ಹೆದರಬೇಕಿಲ್ಲ, ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಕತ್ತರಿಯಲ್ಲ, ಧ್ವನಿ ಬಳಸುವ ರೀತಿ ತಿದ್ದುವುದು.

ಎಲ್ಲವೂ ನೆಟ್ಟಗೆ ನಡೆಯಿತೆಂದು ಯಾರೂ ತಿಳಿಯಬಾರದು. ಮೂರನೇ ಆಟದಲ್ಲಿ ಹಿರಿಯ ಭಾಗವತರು ಬರುವ ಕಾರು ಘಾಟಿಯಲ್ಲಿ ಕೆಟ್ಟಿತು. ಅಭಯದ ಪದ್ಯ ಮುಗಿದರೂ ಅವರಿಲ್ಲ. ಶ್ರೀಧರ ಮುಂದುವರಿಸಿದ, ಪೂರ್ತಿ ಹೇಳಿದ, ಎರಡು ದಿನ ಸ್ವರ ಬಿತ್ತು. ಹಿರಿಯರು ಚೌಕಿಗೆ ಬಂದು ಮುಟ್ಟದೆ ಆಟ ಶುರು ಮಾಡುವುದಿಲ್ಲ ಎಂಬ ಸಾಲನ್ನು ಕಾಗದಕ್ಕೆ ಸೇರಿಸಿದ್ದು ಆಮೇಲೆ. ಮೊದಲೇ ಬರೆಯಬೇಕಿತ್ತು. ಆದರೆ ಆ ಭೇಟಿಯಲ್ಲಿ ಅವನು ಬೇರೆಯೇ ಒಂದು ವಿಷಯ ಹೇಳಿದ. ಯುದ್ಧದ ಪದ್ಯದಲ್ಲಿ ಅರ್ಜುನನ ಪಾತ್ರದವರು ನಾಲ್ಕನೇ ಸಲಕ್ಕೆ ಕಣ್ಣು ತೋರಿಸಿದರಂತೆ. ಚೌಕಿಯಲ್ಲಿ ಆದ ಮಾತು ಮೂರು. ಇವನು ಮುಕ್ತಾಯ ಹಾಕಿದ. "ಏನಾಯ್ತು ಆಮೇಲೆ?" ಎಂದರೆ, "ಏನೂ ಆಗ್ಲಿಲ್ಲ ಮೇಡಂ. ಅವರು ನಿಂತು ಅರ್ಥ ಹೇಳಿದ್ರು" ಎಂದ. ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದವು.

ಮಳೆಗಾಲಕ್ಕೆ ತಾಳಮದ್ದಳೆ, ಎಂದರೆ ವೇಷವಿಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಪ್ರಸಂಗ, ಹಚ್ಚಿದ್ದೂ ಸಲಹೆಯ ಭಾಗವೇ. ಕುಣಿತವಿಲ್ಲ, ಒಂದೇ ಸಾಲನ್ನು ಹತ್ತು ಸಲ ಹೇಳುವ ಪ್ರಮೇಯವಿಲ್ಲ. ಅರ್ಥಧಾರಿಗಳು ಮಾತಾಡುವಷ್ಟು ಹೊತ್ತು ಗಂಟಲಿಗೆ ಬಿಡುವು. ಆದರೆ ಪ್ರಸಂಗ ನಡೆಸುವ ಜವಾಬ್ದಾರಿ, ಮಾತು ಉದ್ದವಾದರೆ ಪದ್ಯ ಎತ್ತಿ ಹಿರಿಯರನ್ನು ತಡೆಯುವ ಕೆಲಸ, ಎರಡೂ ಇದೆ. ಪೂರ್ವರಂಗ ಹೋದ ಜಾಗದಲ್ಲಿ ಮಲೆನಾಡಿನಲ್ಲಿ ಉಳಿದಿರುವ ಮೆಟ್ಟಿಲು ಇದೊಂದೇ. ಆ ಮಳೆಗಾಲ ಒಂಬತ್ತು ತಾಳಮದ್ದಳೆಗೆ ಬಿಳಿ 4ರಲ್ಲಿ ಹೇಳಿದ.

ಮಂಗದ ವಿಷಯವನ್ನು ಅವನು ಮನೆಯಲ್ಲಿ ಹೇಳಿದ್ದು ಅಡಿಕೆ ಕೊಯ್ಲಿನ ಹೊತ್ತಿಗೆ, ತಾಯಿಗೆ ಮಾತ್ರ. ತಾಯಿ ತಂದೆಗೆ ಏನು ಹೇಳಿದರೋ ತಿಳಿಯದು. ತೋಟದ ತಲೆಯಲ್ಲಿ ಈಗೊಂದು ಹಳೇ ಎಣ್ಣೆ ಡಬ್ಬ ನೇತುಹಾಕಿ ಮನೆಯ ಜಗುಲಿಯವರೆಗೆ ಹಗ್ಗ ಎಳೆದಿದ್ದಾರಂತೆ.